ತಮಟೆ ಏಟಿಗೆ ತಡವಾಗದ ಕಂಪ್ಯೂಟರ್

ಹೋದ ವರ್ಷ ಚಳಿಗಾಲದ ಒಂದು ರಾತ್ರಿ. ದಿಬ್ಬೂರಹಳ್ಳಿಯ ನಮ್ಮ ಮನೆ ಹಿಂದಿನ ರೇಷ್ಮೆ ಹುಳುಮನೆ ಆಗ ಖಾಲಿಯಿತ್ತು. ಬೆಳೆ ಮುಗಿದು, ಗೂಡು ಶಿಡ್ಲಘಟ್ಟದ ಮಾರುಕಟ್ಟೆ ಸೇರಿ, ಚಂದ್ರಂಕಿಗಳು ಗೋಡೆಗೆ ಒರಗಿದ್ದವು. ಬ್ಲೀಚಿಂಗ್ ಪೌಡರಿನ ವಾಸನೆ ಇನ್ನೂ ಹೋಗಿರಲಿಲ್ಲ. ಅಂಥ ಕೋಣೆಯಲ್ಲಿ ಒಂದು ಮೈಕು, ಅದನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸ್ ಎಂಬ ಡಬ್ಬಿ, ಒಂದು ಲ್ಯಾಪ್‌ಟಾಪು, ಗೋಡೆಗೆ ನೇತುಹಾಕಿದ ಎರಡು ಕಂಬಳಿ. ಇಷ್ಟನ್ನೇ ನಂಬಿಕೊಂಡು ಪಕ್ಕದೂರಿನ ತಮಟೆಯವರನ್ನು ರೆಕಾರ್ಡ್ ಮಾಡಲು ಕೂತಿದ್ದೆ. ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗಿನಿಂದ ನನಗೆ ಹತ್ತಿದ ಹುಚ್ಚು ಇದು. ತಮಟೆಯವರು ಅಂಗಳದಲ್ಲಿ ತೆಂಗಿನ ಗರಿ ಉರಿಸಿ ಚರ್ಮ ಕಾಯಿಸಿಕೊಂಡರು, ಬೆರಳಲ್ಲಿ ತಟ್ಟಿ ನೋಡಿದರು, ಒಳಗೆ ಬಂದು ಹೆಡ್‌ಫೋನ್ ಹಾಕಿಕೊಂಡರು. ನಾಲ್ಕು ಏಟು ಹಾಕಿ ನಿಂತರು. ಮತ್ತೆ ನಾಲ್ಕು. ಹೆಡ್‌ಫೋನ್ ಕಿತ್ತು ನನ್ನ ಮುಖ ನೋಡಿದರು.

“ಯಾರೋ ನನ್ನ ಹಿಂದಿಂದೇನೇ ಬಾರಿಸ್ಕೊಂಡು ಬತ್ತಾವ್ರಲ್ಲ ಸಾರ್!”

ಹಿಂದೆ ಯಾರೂ ಇರಲಿಲ್ಲ. ಅವರ ತಮಟೆಯ ಸದ್ದೇ ಮೈಕಿನಿಂದ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ಸುತ್ತಿಕೊಂಡು ಅವರ ಕಿವಿಗೆ ಬರುವಷ್ಟರಲ್ಲಿ 45 ಮಿಲಿಸೆಕೆಂಡ್ ಕಳೆದಿತ್ತು. ಕಣ್ಣು ಮಿಟುಕಿಸುವುದಕ್ಕಿಂತಲೂ ಕಡಿಮೆ ಹೊತ್ತು, ಇದೇನು ಮಹಾ ಅನ್ನಿಸಬಹುದು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಅಂದರೆ 1 ಮಿಲಿಸೆಕೆಂಡಿಗೆ ಒಂದಡಿಗಿಂತ ತುಸು ಹೆಚ್ಚು. 45 ಮಿಲಿಸೆಕೆಂಡ್ ತಡವೆಂದರೆ ತನ್ನ ಕೈಯಲ್ಲಿರುವ ತಮಟೆಯನ್ನು 15 ಮೀಟರ್ ದೂರದಲ್ಲಿ ನಿಂತು ಬಾರಿಸಿದ ಹಾಗೆ. ದೇವಸ್ಥಾನದ ಜಗುಲಿಯಲ್ಲಿ ಕೂತು ರಸ್ತೆಯಾಚೆಯ ತಮಟೆಗೆ ತಾಳ ಹಾಕಿ ಅಂದರೆ ಯಾರ ಕೈಲಾದೀತು?

ಈ ತಡಕ್ಕೆ ಲೇಟೆನ್ಸಿ ಅನ್ನುತ್ತಾರೆ. ಕಂಪ್ಯೂಟರಿನಲ್ಲಿ ಸಂಗೀತ ಮಾಡಹೊರಟವರು ಮೊದಲು ಎಡವುವುದು ಇಲ್ಲೇ. ಆ ರಾತ್ರಿ ನನ್ನ ಮುಂದಿದ್ದುದು ಆಟವಾಡುವ ಹುಡುಗರು ಬಾಯಿ ಬಿಟ್ಟು ನೋಡುವಂಥ ದುಬಾರಿ ಲ್ಯಾಪ್‌ಟಾಪ್. ಕೋರ್‌ಗಳ ಸಂಖ್ಯೆ, ಗ್ರಾಫಿಕ್ಸ್ ಕಾರ್ಡು, ಬಣ್ಣದ ದೀಪದ ಕೀಬೋರ್ಡು, ಯಾವುದಕ್ಕೂ ಕೊರತೆಯಿರಲಿಲ್ಲ. ತಡ ಕಡಿಮೆ ಮಾಡೋಣವೆಂದು ಸೆಟ್ಟಿಂಗ್ ಇಳಿಸಿದರೆ ಹೆಡ್‌ಫೋನಿನಲ್ಲಿ ಬಾಣಲೆಗೆ ಸಾಸಿವೆ ಹಾಕಿದ ಹಾಗೆ ಪಟಪಟ. ತಿಂಗಳು ಕಳೆದ ಮೇಲೆ, ಯಾವುದೋ ಆಫೀಸಿನಿಂದ ಹೊರಬಿದ್ದ ಹಳೆಯ ಡೆಸ್ಕ್‌ಟಾಪು ಅದೇ ಕೆಲಸವನ್ನು ಸದ್ದಿಲ್ಲದೆ ಮಾಡಿತು. ಯಾಕೆ ಅನ್ನುವುದು ಅರ್ಥವಾಗದೆ ಕಂಪ್ಯೂಟರ್ ಕೊಳ್ಳಲು ಹೋದರೆ ದುಡ್ಡು ದಂಡ.

ಬೇಸಿನ್ ಬಿಟ್ಟು ಏಳದ ಕೈ

ನಮ್ಮ ಕಡೆ ರೇಷ್ಮೆ ರೀಲಿಂಗ್ ಕಂಡವರಿಗೆ ಇದನ್ನು ತಿಳಿಸುವುದು ಸುಲಭ. ಬಿಸಿನೀರಿನ ಬೇಸಿನ್‌ನಲ್ಲಿ ಗೂಡುಗಳು ತೇಲುತ್ತಿರುತ್ತವೆ. ಏಳೆಂಟು ಗೂಡಿನ ಎಳೆ ಕೂಡಿ ಒಂದು ನೂಲಾಗಿ ರಾಟೆಗೆ ಏರುತ್ತದೆ. ಒಂದು ಗೂಡು ಬರಿದಾಗುತ್ತಿದ್ದಂತೆ ಬಿಚ್ಚುವ ಹೆಂಗಸು ಇನ್ನೊಂದರ ತುದಿ ಹಿಡಿದು ಅದರ ಜಾಗಕ್ಕೆ ಹಚ್ಚಬೇಕು. ರಾಟೆ ಮಾತ್ರ ಯಾರಿಗೂ ಕಾಯುವುದಿಲ್ಲ. ಬಾಗಿಲಲ್ಲಿ ಯಾರೋ ಕೂಗಿದರೆಂದು ಆಕೆ ಎದ್ದುಹೋದರೆ ನೂಲು ಸಣ್ಣಗಾಗುತ್ತದೆ, ಇಲ್ಲವೇ ಕಡಿಯುತ್ತದೆ. ವಾಪಸು ಬಂದು ಎಷ್ಟೇ ಚುರುಕಾಗಿ ಕೈಯಾಡಿಸಿದರೂ ಕಡಿದ ಜಾಗ ಕಡಿದದ್ದೇ.

ಡಿಜಿಟಲ್ ಆಡಿಯೋದಲ್ಲಿ ರಾಟೆಯೆಂದರೆ ಇಂಟರ್‌ಫೇಸಿನೊಳಗಿನ ಗಡಿಯಾರ. ಅದು ಸೆಕೆಂಡಿಗೆ 48,000 ಸಲ ಒಂದೊಂದು ಸ್ಯಾಂಪಲ್ ಕೇಳುತ್ತದೆ. ಕಂಪ್ಯೂಟರ್ ಅಷ್ಟು ಸಲ ಎದ್ದು ಓಗೊಡಲಾರದು. ಹಾಗಾಗಿ ಸ್ಯಾಂಪಲ್‌ಗಳನ್ನು ಗುಂಪು ಮಾಡಿ ಕೊಡುತ್ತದೆ. ಆ ಗುಂಪಿಗೆ ಬಫರ್ ಎಂದು ಹೆಸರು. 1,024 ಸ್ಯಾಂಪಲ್‌ಗಳ ಬಫರ್ ಇಟ್ಟರೆ ಒಂದು ಗುಂಪಿಗೆ 21 ಮಿಲಿಸೆಕೆಂಡ್, 256 ಇಟ್ಟರೆ 5.3, 128ಕ್ಕೆ 2.7, 64ಕ್ಕೆ 1.3. ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಒಮ್ಮೆ ಈ ಸುಂಕ ಕಟ್ಟಬೇಕು. ಅದರ ಮೇಲೆ ಸದ್ದನ್ನು ಅಂಕಿಯಾಗಿಸುವ, ಅಂಕಿಯನ್ನು ಮತ್ತೆ ಸದ್ದಾಗಿಸುವ ಚಿಪ್‌ಗಳ ಪಾಲು, ಯುಎಸ್‌ಬಿ ಡ್ರೈವರ್ ಕದ್ದು ಇಟ್ಟುಕೊಳ್ಳುವ ಹೆಚ್ಚುವರಿ ಪಾಲು. ಒಟ್ಟು ಹೋಗಿ ಬರುವ ತಡ 10 ಮಿಲಿಸೆಕೆಂಡ್ ಒಳಗಿದ್ದರೆ ಹೆಚ್ಚಿನ ವಾದ್ಯಗಾರರು ತಕರಾರು ಮಾಡುವುದಿಲ್ಲ. ಹರಿಕಥೆಯ ವೇದಿಕೆಯಲ್ಲಿ ಮೃದಂಗ ಎರಡು ಮೀಟರ್ ಆಚೆ ಇದ್ದರೆ ದಾಸರ ಕಿವಿಗೆ ಅದು ಹೇಗೂ 6 ಮಿಲಿಸೆಕೆಂಡ್ ತಡವಾಗಿಯೇ ತಲುಪುತ್ತದೆ. ಹಾಡುವವರ ಕಥೆ ಬೇರೆ. ತಮ್ಮ ದನಿ ತಲೆಬುರುಡೆಯ ಮೂಲಕ ಆಗಲೇ ಕಿವಿ ಸೇರಿರುತ್ತದೆ. ಹೆಡ್‌ಫೋನಿನ ದನಿ ನಾಲ್ಕೈದು ಮಿಲಿಸೆಕೆಂಡ್ ಹಿಂದೆ ಬಿದ್ದರೂ ಎರಡೂ ಬೆರೆತು, ದನಿ ಡಬ್ಬದೊಳಗಿಂದ ಬಂದಂತೆ ಟೊಳ್ಳಾಗುತ್ತದೆ.

ಬಫರ್ ಚಿಕ್ಕದಾದಷ್ಟೂ ಪ್ರೊಸೆಸರ್ ಬೇಸಿನ್ ಬಿಟ್ಟು ಏಳುವ ಹಾಗಿಲ್ಲ. 64 ಸ್ಯಾಂಪಲ್ ಇಟ್ಟರೆ ಸೆಕೆಂಡಿಗೆ 750 ಸಲ, ಒಂದು ಸಲವೂ ತಪ್ಪದೆ, ಕೆಲಸ ಮುಗಿಸಿ ಕೊಡಬೇಕು. 749 ಸಲ ಅರ್ಧ ಹೊತ್ತಿಗೇ ಮುಗಿಸಿ ಒಂದೇ ಸಲ ವೈ-ಫೈ ಕೂಗಿತೆಂದು ಎದ್ದುಹೋದರೆ ಅಲ್ಲೊಂದು ಪಟ್. ಅಂಗಡಿಯವರು ತೋರಿಸುವ ಗಿಗಾಹರ್ಟ್ಸ್ ಆಗಲಿ, ಜಾಲತಾಣಗಳ ಬೆಂಚ್‌ಮಾರ್ಕ್ ಅಂಕಗಳಾಗಲಿ ಒಟ್ಟು ಕೆಲಸ ಎಷ್ಟು ಬೇಗ ಮುಗಿಯುತ್ತದೆಂದು ಹೇಳುತ್ತವೆ. ಕೆಟ್ಟ ಗಳಿಗೆಯಲ್ಲಿ ಎಷ್ಟು ತಡವಾಗುತ್ತದೆಂದು ಹೇಳುವುದಿಲ್ಲ. ನಮಗೆ ಬೇಕಾದದ್ದು ಆ ಎರಡನೆಯ ಲೆಕ್ಕ.

ಅಂದಹಾಗೆ, ಹೊತ್ತಿಗೆ ಹೊತ್ತು ಹೊಂದಿಸುವ ಕೆಲಸ ನಮ್ಮ ಜಿಲ್ಲೆಗೆ ಹೊಸದಲ್ಲ. ಗೌರಿಬಿದನೂರಿನ ರೇಡಿಯೋ ದೂರದರ್ಶಕದಲ್ಲಿ ಪೂರ್ವ-ಪಶ್ಚಿಮವಾಗಿ 1.4 ಕಿಲೋಮೀಟರ್ ಉದ್ದಕ್ಕೆ ಹರಡಿದ ಆಂಟೆನಾಗಳ ಸಂಕೇತಗಳನ್ನು ಹೊಂದಿಸಿ ಕೂಡಿಸಿದರೆ ಮಾತ್ರ ಆಕಾಶದ ಒಂದು ದಿಕ್ಕು ಕಾಣುತ್ತದೆ. ಒಂದು ಸಾಲು ಹಿಂದೆ ಬಿದ್ದರೂ ಚಿತ್ರ ಕೆಡುತ್ತದೆ.

ಮೊದಲು ಒಂದು ಗುಂಡಿ ಒತ್ತಿ ನೋಡಿ

ತಮಟೆಯವರ ಮುಂದೆ ನನಗಾದ ಅವಮಾನಕ್ಕೆ ಮದ್ದು ನನ್ನ ಇಂಟರ್‌ಫೇಸಿನ ಮುಖದಲ್ಲೇ ಇತ್ತು, ಡೈರೆಕ್ಟ್ ಮಾನಿಟರ್ ಎನ್ನುವ ಗುಂಡಿ. ಅದನ್ನು ಒತ್ತಿದರೆ ಮೈಕಿನ ಸದ್ದು ಕಂಪ್ಯೂಟರಿಗೆ ಹೋಗುವ ಮೊದಲೇ ಕವಲೊಡೆದು ನೇರವಾಗಿ ಹೆಡ್‌ಫೋನಿಗೆ ಬರುತ್ತದೆ. ತಡ ಇಲ್ಲವೆನ್ನುವಷ್ಟು ಕಡಿಮೆ. ಸಾಫ್ಟ್‌ವೇರಿನಲ್ಲಿ ಆ ಟ್ರ್ಯಾಕಿನ ಮಾನಿಟರ್ ಆಫ್ ಮಾಡಿ (ಇಲ್ಲದಿದ್ದರೆ ಎರಡೆರಡು ಕೇಳುತ್ತದೆ), ಬಫರನ್ನು ಧಾರಾಳವಾಗಿ 1,024ಕ್ಕೇ ಇಟ್ಟುಕೊಳ್ಳಿ. ಹಳೆಯ ಟ್ರ್ಯಾಕಿನ ಮೇಲೆ ಹೊಸದನ್ನು ಹಾಡಿದಾಗ ಆದ ತಡವನ್ನು ಸಾಫ್ಟ್‌ವೇರೇ ಲೆಕ್ಕ ಹಾಕಿ ಹಿಂದಕ್ಕೆ ಸರಿಸುತ್ತದೆ.

ಕೈವಾರ ತಾತಯ್ಯನವರ ತತ್ವಪದ ಹಾಡಿ ರೆಕಾರ್ಡ್ ಮಾಡುವ ಭಜನೆ ಮಂಡಳಿಯವರು, ಹರಿಕಥೆ ಹಿಡಿದಿಡುವವರು, ಶಾಲೆಯ ನಾಟಕಕ್ಕೆ ಹಿನ್ನೆಲೆ ದನಿ ಮಾಡುವ ಮೇಷ್ಟ್ರು, ನಿಮಗೆ ಇಷ್ಟು ಸಾಕು. ಮನೆಯಲ್ಲಿರುವ ಕಂಪ್ಯೂಟರೇ ನಡೆಯುತ್ತದೆ. ಮಿಕ್ಕ ದುಡ್ಡನ್ನು ಮೈಕಿಗೆ ಹಾಕಿ. ಈ ಲೇಖನವನ್ನು ಇಲ್ಲಿಗೇ ಬಿಟ್ಟರೂ ಬೇಸರವಿಲ್ಲ.

ಕಡಿಮೆ ತಡದ ಕಂಪ್ಯೂಟರ್ ನಿಜವಾಗಿ ಬೇಕಾಗುವುದು ಸದ್ದು ಕಂಪ್ಯೂಟರಿನೊಳಗೇ ಹುಟ್ಟುವಾಗ. ಕೀಬೋರ್ಡ್ ಒತ್ತಿದರೆ ಸಾಫ್ಟ್‌ವೇರಿನ ಹಾರ್ಮೋನಿಯಂ ನುಡಿಯಬೇಕು, ರಿದಮ್ ಪ್ಯಾಡ್ ತಟ್ಟಿದರೆ ಡೋಲಕ್ ಬರಬೇಕು, ಗಿಟಾರಿನ ಸದ್ದಿಗೆ ಅಲ್ಲೇ ಬಣ್ಣ ಬಳಿಯಬೇಕು. ಇಲ್ಲಿ ಡೈರೆಕ್ಟ್ ಮಾನಿಟರ್ ಉಪಯೋಗಕ್ಕೆ ಬಾರದು. ನನಗೂ ಆಮೇಲೆ ಅದೇ ಆಯಿತು. ನಮ್ಮೂರ ಆರ್ಕೆಸ್ಟ್ರಾದ ಹುಡುಗನೊಬ್ಬ ಪ್ಯಾಡ್ ಹೊತ್ತು ತಂದು, ತಮಟೆಯ ಜೊತೆ ತಾನೂ ಬಾರಿಸುತ್ತೇನೆಂದು ಹಟ ಹಿಡಿದ. ಅಲ್ಲಿಂದ ಶುರುವಾಯಿತು ಕಂಪ್ಯೂಟರಿನ ಹುಡುಕಾಟ.

ಕೊಳ್ಳುವ ಕ್ರಮ

ಮೊದಲು ಆಡಿಯೋ ಇಂಟರ್‌ಫೇಸ್, ಆಮೇಲೆ ಕಂಪ್ಯೂಟರ್. ಜನ ಇದನ್ನು ತಲೆಕೆಳಗು ಮಾಡುತ್ತಾರೆ. ಇಂಟರ್‌ಫೇಸಿನಲ್ಲಿ ನೋಡಬೇಕಾದ ಮೊದಲ ಸಂಗತಿ ಅದರ ಡ್ರೈವರ್. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂದ ಹಾಗೆ, ಎಂಥ ಪ್ರೊಸೆಸರ್ ಇದ್ದರೂ ನಡುವೆ ಕೂತ ಡ್ರೈವರ್ ಬಿಡದಿದ್ದರೆ ಏನೂ ದಕ್ಕದು. ವಿಂಡೋಸ್‌ನಲ್ಲಿ ತಯಾರಕರೇ ಕೊಟ್ಟ ಏಸಿಯೋ ಡ್ರೈವರ್ ಇರಲೇಬೇಕು. ಜರ್ಮನಿಯ ಸ್ಟೈನ್‌ಬರ್ಗ್ 1997ರಲ್ಲಿ ತಂದ ಈ ಪದ್ಧತಿ ವಿಂಡೋಸ್‌ನ ಮಾಮೂಲಿ ಆಡಿಯೋ ದಾರಿಯನ್ನು ಬಿಟ್ಟು ಒಳದಾರಿಯಲ್ಲಿ ಹೋಗುತ್ತದೆ. ಏಸಿಯೋ-ಫಾರ್-ಆಲ್ ಎನ್ನುವ ಉಚಿತ ತಂತ್ರಾಂಶ ಆಪತ್ತಿಗೆ ಆಗುತ್ತದೆ, ಆದರೆ ಅದು ವಿಂಡೋಸ್ ಡ್ರೈವರಿಗೇ ಹೊದಿಸಿದ ಹೊದಿಕೆ. ಅದನ್ನೇ ನೆಚ್ಚಿಕೊಂಡು ಅಗ್ಗದ ಡಬ್ಬಿ ಕೊಳ್ಳಬೇಡಿ. ಆರ್‌ಎಂಇ ಕಂಪನಿಗೆ ಡ್ರೈವರಿನ ವಿಷಯದಲ್ಲಿ ಒಳ್ಳೆಯ ಹೆಸರಿದೆ, ಬೆಲೆಯೂ ಹಾಗೇ ಇದೆ. ಮೋಟು, ಫೋಕಸ್‌ರೈಟ್, ಬೆರಿಂಜರ್ ಡಬ್ಬಿಗಳು ಮಧ್ಯಮ ವರ್ಗದ ಕೈಗೆ ಎಟಕುತ್ತವೆ. ಮ್ಯಾಕ್ ಮತ್ತು ಲಿನಕ್ಸ್‌ನವರು ‘ಕ್ಲಾಸ್ ಕಂಪ್ಲಯಂಟ್’ ಅನ್ನುವ ಮಾತು ಪೆಟ್ಟಿಗೆಯ ಮೇಲಿದೆಯೇ ನೋಡಿಕೊಂಡರೆ ಬೇರೆ ಡ್ರೈವರಿನ ಗೊಡವೆ ಇಲ್ಲ.

ಯುಎಸ್‌ಬಿ 2 ಹಳೆಯದು, 3 ಇರುವುದನ್ನೇ ಕೊಡಿ ಎಂದು ಹಟ ಮಾಡುವವರನ್ನು ಕಂಡಿದ್ದೇನೆ. ಯುಎಸ್‌ಬಿ 2ರ ಸೆಕೆಂಡಿಗೆ 480 ಮೆಗಾಬಿಟ್ ದಾರಿ ಎಂಟು ಮೈಕಿಗೆ ಹೆದ್ದಾರಿಯಿದ್ದಂತೆ. ಅದರ ಗಡಿಯಾರ 125 ಮೈಕ್ರೋಸೆಕೆಂಡಿಗೆ ಒಮ್ಮೆ ಮಿಡಿಯುತ್ತದೆ. ದಾರಿ ಅಗಲ ಮಾಡಿದ ಮಾತ್ರಕ್ಕೆ ತಡ ಕಡಿಮೆಯಾಗದು. ಥಂಡರ್‌ಬೋಲ್ಟ್ ನಿಜವಾಗಿ ಚುರುಕು, ಆದರೆ ನಮ್ಮಂಥವರಿಗೆ ಅದರ ದುಡ್ಡು ಹೊರೆ. ಸೆಕೆಂಡ್‌ಹ್ಯಾಂಡಿನಲ್ಲಿ ಫೈರ್‌ವೈರ್ ಡಬ್ಬಿಗಳು ಅಗ್ಗಕ್ಕೆ ಸಿಗುತ್ತವೆ. ಆದರೆ ಅವನ್ನು ಸಿಕ್ಕಿಸುವ ತೂತು ಇರುವ ಹೊಸ ಕಂಪ್ಯೂಟರ್ ಸಿಗುವುದಿಲ್ಲ.

ಪ್ರೊಸೆಸರಿನಲ್ಲಿ ಕೋರ್‌ಗಳ ಸಂಖ್ಯೆಗಿಂತ ಒಂದೊಂದು ಕೋರಿನ ಬಲ ನೋಡಿ. ಒಂದು ಟ್ರ್ಯಾಕಿನ ಮೇಲೆ ಸಾಲಾಗಿ ಹೇರಿದ, ಸದ್ದನ್ನು ಮಾರ್ಪಡಿಸುವ ಪುಟ್ಟ ತಂತ್ರಾಂಶಗಳಾದ ಪ್ಲಗ್‌ಇನ್‌ಗಳು ಒಂದರ ಹಿಂದೆ ಒಂದು ನಡೆಯಬೇಕು. ಮೊದಲನೆಯದು ಮುಗಿಯದೆ ಎರಡನೆಯದಕ್ಕೆ ಕೆಲಸವಿಲ್ಲ. ಹದಿನಾರು ಕೋರ್ ಇದ್ದರೂ ಆ ಸಾಲನ್ನು ಎಳೆಯುವುದು ಒಂದೇ. ಇಂಟೆಲ್‌ನ 12ನೆಯ ಪೀಳಿಗೆಯಿಂದೀಚೆಗೆ ದೊಡ್ಡ ಕೋರು, ಚಿಕ್ಕ ಕೋರು ಎಂದು ಎರಡು ಜಾತಿ ಮಾಡಿದ್ದಾರೆ. ಆಡಿಯೋ ಕೆಲಸ ಚಿಕ್ಕ ಕೋರಿಗೆ ಬಿದ್ದರೆ ಒಮ್ಮೊಮ್ಮೆ ಏದುಸಿರು ಬಿಡುತ್ತದೆ. ಹೊಸ ಆಪರೇಟಿಂಗ್ ಸಿಸ್ಟಂ, ಹೊಸ ಸಾಫ್ಟ್‌ವೇರ್ ಇದ್ದರೆ ಈ ಕಾಟ ಕಡಿಮೆ. ಎಎಂಡಿಯ ರೈಜನ್ ಆಗಲಿ ಇಂಟೆಲ್ ಆಗಲಿ, ಎರಡರಲ್ಲೂ ಒಳ್ಳೆಯವಿವೆ. ಇದರ ಮೇಲೆ ಜಗಳವಾಡುವವರಿಗೆ ಬೇರೆ ಕೆಲಸವಿಲ್ಲ ಅಂದುಕೊಳ್ಳುತ್ತೇನೆ.

ಪ್ರೊಸೆಸರಿಗಿಂತ ಹೆಚ್ಚು ತೊಂದರೆ ಕೊಡುವುದು ಕಣ್ಣಿಗೆ ಕಾಣದ ಸಂಗತಿಗಳು. ಮದರ್‌ಬೋರ್ಡಿನ ಬಯೋಸ್ ಆಗಾಗ ಪ್ರೊಸೆಸರನ್ನು ತನ್ನ ಸ್ವಂತ ಕೆಲಸಕ್ಕೆ ಕರೆದುಕೊಳ್ಳುತ್ತದೆ. ಫ್ಯಾನಿನ ವೇಗ ನೋಡುವುದಕ್ಕೋ, ಬ್ಯಾಟರಿಯ ಲೆಕ್ಕಕ್ಕೋ. ಆಗ ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಏನೂ ಮಾಡಲಾರದು. ತನ್ನ ಆಳನ್ನು ಯಾರು ಎಳೆದುಕೊಂಡು ಹೋದರೆಂಬುದೂ ಅದಕ್ಕೆ ತಿಳಿಯದು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇದು ವಿಪರೀತ, ಸೆಟ್ಟಿಂಗಿನಿಂದ ಸರಿಹೋಗುವುದೂ ಇಲ್ಲ. ಇನ್ನು ಕೆಲವದರಲ್ಲಿ ವೈ-ಫೈ ಡ್ರೈವರ್, ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ಇದೇ ಕೆಲಸ ಮಾಡುತ್ತವೆ. ನನ್ನ ದುಬಾರಿ ಲ್ಯಾಪ್‌ಟಾಪಿನ ಕಾಯಿಲೆ ಇದೇ ಆಗಿತ್ತು. ವೈ-ಫೈ ಆಫ್ ಮಾಡಿದರೆ ಅರ್ಧ ವಾಸಿ, ಗ್ರಾಫಿಕ್ಸ್ ಕಾರ್ಡನ್ನೂ ಮಲಗಿಸಿದರೆ ಮುಕ್ಕಾಲು. ಸಂಗೀತಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ಅದರ ದುಡ್ಡೂ ಉಳಿತಾಯ, ಅದರ ಫ್ಯಾನಿನ ಸದ್ದೂ ಮೈಕಿಗೆ ಬೀಳುವುದಿಲ್ಲ.

ಅದಕ್ಕೇ ನನ್ನ ಮೊದಲ ಸಲಹೆ ಆಫೀಸಿನ ಸೆಕೆಂಡ್‌ಹ್ಯಾಂಡ್ ಡೆಸ್ಕ್‌ಟಾಪ್. ಬೆಂಗಳೂರಿನ ಐಟಿ ಕಂಪನಿಗಳು ನಾಲ್ಕೈದು ವರ್ಷಕ್ಕೊಮ್ಮೆ ಹೊರಹಾಕುವ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್‌ಗಳು ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಧೂಳು ಒರೆಸಿಕೊಂಡು ಕೂತಿರುತ್ತವೆ. ಬಣ್ಣದ ದೀಪವಿಲ್ಲ, ಬಡಿವಾರವಿಲ್ಲ, ಫ್ಯಾನಿನ ಸದ್ದು ಕಡಿಮೆ. ಎಂಟನೆಯ ಪೀಳಿಗೆಯ ಐ5 ಅಥವಾ ಅದರಿಂದೀಚಿನದು ಇರಲಿ. ಅದರ ಹಿಂದಿನವಕ್ಕೆ ವಿಂಡೋಸ್ 11 ಅಧಿಕೃತವಾಗಿ ಒಗ್ಗುವುದಿಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಲಿನಕ್ಸ್ ಹಾಕುವವರಿಗೆ ಈ ಕಟ್ಟುಪಾಡಿಲ್ಲ. ಸೀಲು ಒಡೆದ, ಒಳಗೆ ಬೇರೆ ಎಸ್‌ಎಂಪಿಎಸ್ (ಕರೆಂಟು ಒದಗಿಸುವ ಡಬ್ಬಿ) ಕೂರಿಸಿದ ಪೆಟ್ಟಿಗೆಯನ್ನು ಮಾತ್ರ ಮುಟ್ಟಬೇಡಿ.

ರ‍್ಯಾಮ್ 16 ಜಿಬಿ ಇರಲಿ, ಎರಡು ಪಟ್ಟಿಯಾಗಿ. ಬರೀ ರೆಕಾರ್ಡಿಂಗಿಗೆ 8 ಸಾಕು. ವಾದ್ಯಗಳ ದೊಡ್ಡ ಸ್ಯಾಂಪಲ್ ಭಂಡಾರ ತುಂಬಿಕೊಳ್ಳುವವರಿಗೆ 32 ಬೇಕು. ಎಸ್‌ಎಸ್‌ಡಿ ಹಾಕಿಸಿ, ಅದರ ವೇಗಕ್ಕೆ ತಲೆಕೆಡಿಸಿಕೊಳ್ಳಬೇಡಿ. 48,000 ಸ್ಯಾಂಪಲ್, 24 ಬಿಟ್‌ನ ಒಂದು ಮೈಕು ಸೆಕೆಂಡಿಗೆ ಬರೆಯುವುದು 144 ಕಿಲೋಬೈಟ್. ಎಂಟು ಮೈಕು ಗಂಟೆಗಟ್ಟಲೆ ಓಡಿದರೂ ಗಂಟೆಗೆ 4 ಜಿಬಿ ಚಿಲ್ಲರೆ. ಹಳೆಯ ಹಾರ್ಡ್‌ಡಿಸ್ಕಿಗೂ ಇದು ಲೆಕ್ಕಕ್ಕಿಲ್ಲ, ಆದರೆ ಅದು ಗುರುಗುಟ್ಟುವ ಸದ್ದು ಮೆಲುದನಿಯ ಆಲಾಪದ ನಡುವೆ ಕೇಳುತ್ತದೆ.

ದುಡ್ಡಿದ್ದವರು ಆಪಲ್‌ನ ಮ್ಯಾಕ್ ಮಿನಿ ಕೊಂಡರೆ ಈ ತಲೆನೋವು ಮುಕ್ಕಾಲು ಇಲ್ಲ. 2020ರ ಎಂ1 ಚಿಪ್‌ನದು ಇವತ್ತಿಗೂ ಈ ಕೆಲಸಕ್ಕೆ ಗಟ್ಟಿ. ಆದರೆ ಕೊಂಡ ಮೇಲೆ ಅದರ ರ‍್ಯಾಮ್ ಹೆಚ್ಚಿಸುವ ಹಾಗಿಲ್ಲ.

ಇನ್ನೊಂದು ದಾರಿ ಒಂದೇ ಕೆಲಸದ ಪೆಟ್ಟಿಗೆ. ಅದೂ ನಮಗೆ ಹೊಸದಲ್ಲ. ಬೆಂಗಳೂರಿನ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ಅದಕ್ಕೆ ಶ್ರುತಿ ಹಿಡಿಯುವುದು ಬಿಟ್ಟು ಬೇರೆ ಬದುಕಿಲ್ಲ. ಅದೇ ತತ್ವದಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಬೇಲಾ ಎಂಬ ಪುಟ್ಟ ಬೋರ್ಡ್ 1 ಮಿಲಿಸೆಕೆಂಡಿಗೂ ಕಡಿಮೆ ತಡದಲ್ಲಿ ಕೆಲಸ ಮಾಡುತ್ತದೆ. ಪ್ರೋಗ್ರಾಂ ಬರೆಯಬಲ್ಲ ಕಾಲೇಜು ಹುಡುಗರಿಗೆ ಅದು, ಅಥವಾ ರಾಸ್ಪ್‌ಬೆರಿ ಪೈ, ಒಳ್ಳೆಯ ಆಟಿಕೆ. ಭಜನೆ ಮಂಡಳಿಗೆ ಬೇಡ.

ಕರೆಂಟು, ಅರ್ಥಿಂಗು, ಬಿಸಿಲು

ಬೆಂಗಳೂರಿನವರು ಬರೆದ ಸಲಹೆಗಳಲ್ಲಿ ಇರದ ಅಧ್ಯಾಯ ಇದು, ನನಗೆ ಹೆಚ್ಚು ಪಾಠ ಕಲಿಸಿದ್ದೂ ಇದೇ.

ಲ್ಯಾಪ್‌ಟಾಪಿಗೆ ಚಾರ್ಜರ್ ಸಿಕ್ಕಿಸಿದ ಕೂಡಲೇ ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು, ಮೈಕಿನ ಮೈ ಮುಟ್ಟಿದರೆ ತುಟಿಗೆ ಚುರ್ ಎನ್ನುವ ಜುಮ್ಮು. ಹಳ್ಳಿಗಳಲ್ಲಿ ಮೈಕು ಹಿಡಿದವರಿಗೆಲ್ಲ ಇದರ ಪರಿಚಯವಿದೆ. ಅರ್ಥಿಂಗ್ ಸರಿಯಿಲ್ಲದ ಲಕ್ಷಣ ಅದು. ನಮ್ಮ ಕೆಂಪು ನೆಲ ಬೇಸಿಗೆಯಲ್ಲಿ ಒಣಗಿ ಬಿರಿದರೆ ಉಪ್ಪು-ಇದ್ದಿಲು ತುಂಬಿದ ಅರ್ಥ್ ಗುಂಡಿಯೂ ಒಣಗುತ್ತದೆ. ವಾರಕ್ಕೊಂದು ಬಿಂದಿಗೆ ನೀರು ಹೊಯ್ದ ಮೇಲೆ ನಮ್ಮ ಹುಳುಮನೆಯ ಗುಂಯ್ ಅರ್ಧಕ್ಕೆ ಇಳಿಯಿತು. ಸದ್ದು ಹೋಗಲೆಂದು ಮೂರು ಪಿನ್ನಿನ ಮೇಲಿನ ದಪ್ಪ ಪಿನ್ ಮುರಿದುಹಾಕುವ ಚಾಳಿ ಕೆಲವು ಸೌಂಡ್‌ಸಿಸ್ಟಂನವರಿಗಿದೆ. ಸದ್ದು ಹೋಗುತ್ತದೆ, ಒಂದು ದಿನ ಜೀವವೂ ಹೋಗುತ್ತದೆ. ಮಾಡಬೇಡಿ. ಕಂಪ್ಯೂಟರು, ಇಂಟರ್‌ಫೇಸು, ಸ್ಪೀಕರು ಮೂರನ್ನೂ ಒಂದೇ ಬೋರ್ಡಿಗೆ ಸಿಕ್ಕಿಸಿ. ಮೂರು ತಂತಿಯ ಬ್ಯಾಲೆನ್ಸ್ಡ್ ಕೇಬಲ್ ಬಳಸಿ. ಆಮೇಲೂ ಗುಂಯ್ ಉಳಿದರೆ ಡಿಐ ಬಾಕ್ಸ್ ಹಾಕಿ ಅದರ ಗ್ರೌಂಡ್ ಲಿಫ್ಟ್ ಒತ್ತಿ.

ಡೆಸ್ಕ್‌ಟಾಪ್ ಕೊಂಡರೆ ಯುಪಿಎಸ್ ಇಲ್ಲದೆ ನಮ್ಮಲ್ಲಿ ಗತಿಯಿಲ್ಲ. ಅಗ್ಗದ ಯುಪಿಎಸ್ ಮತ್ತು ಹಳೆಯ ಇನ್ವರ್ಟರ್‌ಗಳು ಮೆಟ್ಟಿಲು ಮೆಟ್ಟಿಲಾದ ಅಲೆಯ ಕರೆಂಟು ಕೊಡುತ್ತವೆ. ಅದು ಸ್ಪೀಕರಿನಲ್ಲಿ ಜೇನುಹುಳದಂತೆ ಕೇಳುತ್ತದೆ. ಕೆಲವು ಹೊಸ ಎಸ್‌ಎಂಪಿಎಸ್‌ಗಳಂತೂ ಅಂಥ ಕರೆಂಟಿಗೆ ಒಗ್ಗದೆ, ಮೇನ್ಸ್ ಹೋದ ಕ್ಷಣವೇ ಕಂಪ್ಯೂಟರನ್ನೂ ಆರಿಸಿಬಿಡುತ್ತವೆ. ಪ್ಯೂರ್ ಸೈನ್ ವೇವ್ ಎಂದು ಬರೆದದ್ದನ್ನೇ ಕೇಳಿ ತನ್ನಿ. ಪಕ್ಕದ ತೋಟದ ಬೋರ್‌ವೆಲ್ ಮೋಟರು ಶುರುವಾದಾಗ ದೀಪ ಮಂಕಾಗುವ ಮನೆಗಳಲ್ಲಿ ಸ್ಟೆಬಿಲೈಜರೂ ಬೇಕು. ಈ ವಿಷಯದಲ್ಲಿ ಲ್ಯಾಪ್‌ಟಾಪಿನದು ಮೇಲುಗೈ. ಬ್ಯಾಟರಿಯಲ್ಲಿ ಓಡಿಸಿದರೆ ಗುಂಯ್ ಇಲ್ಲ, ಕರೆಂಟು ಹೋದರೂ ಭಜನೆ ನಿಲ್ಲದು. ಆದರೆ ಬ್ಯಾಟರಿಗೆ ಬಿದ್ದ ಕೂಡಲೇ ಅದು ಪ್ರೊಸೆಸರಿನ ವೇಗ ಇಳಿಸಿಕೊಳ್ಳುತ್ತದೆ. ಪವರ್ ಸೆಟ್ಟಿಂಗನ್ನು ‘ಹೈ ಪರ್ಫಾರ್ಮೆನ್ಸ್’ಗೆ ಇಟ್ಟು, ಯುಎಸ್‌ಬಿ ನಿದ್ದೆ ಹೋಗುವ ಆಯ್ಕೆ ತೆಗೆದುಹಾಕಿ.

ಬಿಸಿಲಿನ ಮಾತು. ಶೀಟಿನ ಮಾಡಿನ ಕೆಳಗೆ ಏಪ್ರಿಲ್ ಮಧ್ಯಾಹ್ನ ತೆಳ್ಳನೆಯ ಲ್ಯಾಪ್‌ಟಾಪ್ ಅರ್ಧ ಗಂಟೆ ಚೆನ್ನಾಗಿ ಓಡಿ, ಮೈ ಕಾದ ಮೇಲೆ ತಾನಾಗಿ ನಿಧಾನವಾಗುತ್ತದೆ. ರಿಹರ್ಸಲ್‌ನಲ್ಲಿ ಬರದ ಪಟಪಟ ಮೂರನೆಯ ಹಾಡಿನಲ್ಲಿ ಬರುವುದು ಇದರಿಂದ. ರೇಷ್ಮೆಹುಳಕ್ಕೆ ಗೋಣಿ ಒದ್ದೆ ಮಾಡಿ ಕಟ್ಟುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಂಪ್ಯೂಟರಿಗೆ ಒದ್ದೆ ಗೋಣಿ ಕಟ್ಟಬೇಡಿ ಎಂದಷ್ಟೇ ಹೇಳಬೇಕು. ಇಂಥ ಕೋಣೆಗೆ ಗಾಳಿಯಾಡುವ ದೊಡ್ಡ ಪೆಟ್ಟಿಗೆಯ ಡೆಸ್ಕ್‌ಟಾಪೇ ಸರಿ.

ಬ್ಲೂಟೂತ್ ಹೆಡ್‌ಫೋನ್ ಯಾವುದೇ ಇರಲಿ, ಮನೆಯಲ್ಲೇ ಬಿಟ್ಟುಬನ್ನಿ. ಸಾಮಾನ್ಯವಾಗಿ ಅದೊಂದೇ 100 ಮಿಲಿಸೆಕೆಂಡ್ ಮೀರಿ ತಿಂದುಹಾಕುತ್ತದೆ. ಯುಎಸ್‌ಬಿ ಹಬ್ ಕೂಡ ಬೇಡ. ಇಂಟರ್‌ಫೇಸನ್ನು ಡೆಸ್ಕ್‌ಟಾಪಿನ ಹಿಂಬದಿಯ, ಮದರ್‌ಬೋರ್ಡಿಗೇ ಅಂಟಿದ ತೂತಿಗೆ ಸಿಕ್ಕಿಸಿ.

ಲಿನಕ್ಸ್ ಬಗ್ಗೆ ಒಂದು ಮಾತು. ಹೊತ್ತು ತಪ್ಪದಂತೆ ಕೆಲಸ ಮಾಡಿಸುವ ‘ಪ್ರಿಯೆಂಪ್ಟ್ ಆರ್‌ಟಿ’ ಎಂಬ ತೇಪೆ ಸುಮಾರು 20 ವರ್ಷ ಹೊರಗೇ ಇತ್ತು. 2024ರಲ್ಲಿ ಬಂದ 6.12ನೆಯ ಆವೃತ್ತಿಯಲ್ಲಿ ಅದು ಲಿನಕ್ಸಿನ ಮೂಲಕ್ಕೇ ಸೇರಿತು. ಉಬುಂಟು ಸ್ಟುಡಿಯೋ ಹಾಕಿ, ಆರ್ಡರ್ ಎಂಬ ಸಾಫ್ಟ್‌ವೇರ್ ತೆರೆದರೆ ಒಂದು ಪೈಸೆ ಖರ್ಚಿಲ್ಲದೆ ಸ್ಟುಡಿಯೋ ಸಿದ್ಧ. ಕಲಿಯಲು ತಾಳ್ಮೆ ಬೇಕು. ನಾನು ಎರಡು ವಾರ ಒದ್ದಾಡಿದೆ.

ಅಮೆರಿಕದಲ್ಲಿರುವ ಮಗಳು ಅಲ್ಲಿಂದಲೇ ನಮ್ಮ ಭಜನೆಗೆ ತಾಳ ಹಾಕಬಹುದೇ ಎಂದು ಒಬ್ಬರು ಕೇಳಿದ್ದರು. ಆಗುವುದಿಲ್ಲ. ಗಾಜಿನ ತಂತಿಯಲ್ಲಿ ಬೆಳಕು ಹೋಗುವುದು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಕ್ಯಾಲಿಫೋರ್ನಿಯಾ ಇಲ್ಲಿಂದ 14,000 ಕಿಲೋಮೀಟರ್. ತಂತಿ ನೆಟ್ಟಗೆ ಇದ್ದರೂ ಒಂದು ದಿಕ್ಕಿಗೇ 70 ಮಿಲಿಸೆಕೆಂಡ್. ಯಾವ ಹಾರ್ಡ್‌ವೇರೂ ಇದನ್ನು ಕಡಿಮೆ ಮಾಡದು. ಬೆಂಗಳೂರಿನ ಮಗನಾದರೆ ಜಮುಲಸ್‌ನಂಥ ಸಾಫ್ಟ್‌ವೇರಿನಲ್ಲಿ ಒಂದು ಕೈ ನೋಡಬಹುದು. ಎರಡೂ ಕಡೆ ವೈ-ಫೈ ಬಿಟ್ಟು ತಂತಿ ಹಾಕಿರಬೇಕು.

ಅಂಗಡಿಯಲ್ಲಿ

ಪೆನ್‌ಡ್ರೈವಿನಲ್ಲಿ ವಿಂಡೋಸ್ ಎಷ್ಟು ತಡವಾಗಿ ಓಗೊಡುತ್ತದೆಂದು ಅಳೆಯುವ ಲೇಟೆನ್ಸಿಮಾನ್ ಎಂಬ ಸಾಫ್ಟ್‌ವೇರ್, ಜೇಬಿನಲ್ಲಿ ಒಂದು ಚಿಕ್ಕ ಕೇಬಲ್, ಚೀಲದಲ್ಲಿ ನಿಮ್ಮ ಇಂಟರ್‌ಫೇಸ್ ಇಟ್ಟುಕೊಂಡು ಹೋಗಿ. ಲೇಟೆನ್ಸಿಮಾನ್ ಅನ್ನು ಹತ್ತು ನಿಮಿಷ ಓಡಲು ಬಿಟ್ಟು ಅಂಗಡಿಯವನ ಜೊತೆ ಟೀ ಕುಡಿಯಿರಿ. ನಡುವೆ ವೈ-ಫೈ ಆನ್ ಮಾಡಿ, ಯೂಟ್ಯೂಬ್ ಹಾಕಿ, ಪೆನ್‌ಡ್ರೈವ್ ಕಿತ್ತು ಸಿಕ್ಕಿಸಿ, ಬೇಕೆಂದೇ ಕಾಟ ಕೊಡಿ. ನೋಡಬೇಕಾದದ್ದು ಸರಾಸರಿಯಲ್ಲ, ಅತಿ ಕೆಟ್ಟ ಅಂಕಿ. ಅದು ಕೆಲವು ನೂರು ಮೈಕ್ರೋಸೆಕೆಂಡ್ ಒಳಗೇ ಇದ್ದರೆ ಆಸಾಮಿ ನಂಬಿಕಸ್ತ. ಸಾವಿರ ದಾಟಿ ಕೆಂಪು ಬಣ್ಣಕ್ಕೆ ಏರಿದರೆ ಯಾವ ಡ್ರೈವರಿನಿಂದ ಎಂದು ಅದೇ ಹೆಸರು ಹೇಳುತ್ತದೆ. ವೈ-ಫೈ ಆದರೆ ಆಫ್ ಮಾಡಿ ಮತ್ತೆ ನೋಡಿ. ಬೇರೆ ಏನಾದರೂ ಆದರೆ ಮುಂದಿನ ಪೆಟ್ಟಿಗೆಗೆ ಹೋಗಿ. ನಾನು ಮೂರನೆಯ ಪೆಟ್ಟಿಗೆಗೆ ದುಡ್ಡು ಕೊಟ್ಟೆ. ಅಂಗಡಿಯವನಿಗೆ ನಾನೊಬ್ಬ ತಲೆಕೆಟ್ಟ ಗಿರಾಕಿ ಅನ್ನಿಸಿದ್ದು ಅವನ ಮುಖದಲ್ಲೇ ಕಾಣುತ್ತಿತ್ತು.

ಆಮೇಲೆ ಆ ಕೇಬಲ್. ಇಂಟರ್‌ಫೇಸಿನ ಹೊರಬಾಯಿಯಿಂದ ಒಳಬಾಯಿಗೆ ಸಿಕ್ಕಿಸಿ, ಆರ್‌ಟಿಎಲ್ ಯುಟಿಲಿಟಿ ಎಂಬ ಉಚಿತ ಸಾಫ್ಟ್‌ವೇರ್ ಓಡಿಸಿದರೆ ಒಂದು ಟಿಕ್ ಶಬ್ದ ಹೋಗಿ ಬಂದ ಹೊತ್ತನ್ನು ಅಳೆದು ಹೇಳುತ್ತದೆ. ಡ್ರೈವರ್ ತಾನೇ ಹೇಳಿಕೊಳ್ಳುವ ಅಂಕಿಯನ್ನು ನಂಬಬೇಡಿ. ಈ ಅಳತೆ ನಿಜದ್ದು. ಕೀಬೋರ್ಡನ್ನು ಹಳೆಯ ಐದು ಪಿನ್ನಿನ ಮಿಡಿ ಕೇಬಲ್‌ನಿಂದ ಸಿಕ್ಕಿಸುವವರು ಇದಕ್ಕೆ ಇನ್ನೊಂದು ಮಿಲಿಸೆಕೆಂಡ್ ಸೇರಿಸಿಕೊಳ್ಳಲಿ.

ನಮ್ಮ ಹುಳುಮನೆಯ ಪೆಟ್ಟಿಗೆ 64 ಸ್ಯಾಂಪಲ್‌ನಲ್ಲಿ 6.8 ಮಿಲಿಸೆಕೆಂಡ್ ತೋರಿಸಿತು. ಯುಗಾದಿ ಹತ್ತಿರದ ಒಂದು ಸಂಜೆ ಆರ್ಕೆಸ್ಟ್ರಾ ಹುಡುಗ ಪ್ಯಾಡ್ ಬಾರಿಸಿದ, ತಮಟೆಯವರು ಎದುರು ಕೂತು ಜೊತೆಗೂಡಿದರು. ಇಬ್ಬರೂ ಹೆಡ್‌ಫೋನ್ ಹಾಕಿಕೊಂಡಿದ್ದರು. ಈ ಸಲ ಯಾರೂ ಹಿಂದಿನಿಂದ ಬಾರಿಸಲಿಲ್ಲ. ಮುಗಿದ ಮೇಲೆ ತಮಟೆಯವರು ಹುಡುಗನ ಕೈಯಿಂದ ಕಡ್ಡಿ ಇಸಕೊಂಡು ಪ್ಯಾಡಿನ ರಬ್ಬರಿಗೆ ತಾವೂ ನಾಲ್ಕು ಏಟು ಹಾಕಿದರು, ಅಂಗೈಯಲ್ಲಿ ಅದರ ಮೈ ಸವರಿ ನೋಡಿದರು.

“ಇದನ್ನ ಕಾಯ್ಸೋ ಹಂಗಿಲ್ಲ ಅನ್ನು.”

“ಇಲ್ಲ ಅಣ್ಣಾ.”

“ಚಳಿಗಾಲ್ದಾಗೆ ಬೆಂಕಿ ಮುಂದೆ ಕೂರೋಕೆ ನೆಪ ಹೋಯ್ತಲ್ಲೋ ಹಂಗಾದ್ರೆ,” ಎನ್ನುತ್ತ ಕಡ್ಡಿ ವಾಪಸು ಕೊಟ್ಟರು.